ನೋಂತು ಮುಡಿಪಿದವರು: ಕಳ್ಬಪ್ಪಿನ ಬೆಟ್ಟದ ಕೊನೆಯ ವ್ರತ

ಶ್ರವಣಬೆಳಗೊಳದ ಚಿಕ್ಕಬೆಟ್ಟ, ಅಂದರೆ ಇಂದಿನ ಚಂದ್ರಗಿರಿ, ಹಳೆಯ ಶಾಸನಗಳಲ್ಲಿ ಕಟವಪ್ರ ಅಥವಾ ಕಳ್ಬಪ್ಪು ಎಂಬ ಹೆಸರಿನಿಂದ ಬರುತ್ತದೆ. ಅಲ್ಲಿನ ಪಾರ್ಶ್ವನಾಥ ಬಸದಿಯ ಆಸುಪಾಸಿನ ಹಾಸುಬಂಡೆಯ ಮೇಲೆ 7ನೆಯ ಶತಮಾನದಿಂದ ಕೊರೆದ ಚಿಕ್ಕ ಚಿಕ್ಕ ಬರಹಗಳಿವೆ. ಬಹಳಷ್ಟು ಬರಹಗಳು ಎರಡು ಮೂರು ಸಾಲಿಗೆ ಮುಗಿಯುತ್ತವೆ: ಯಾವ ನಾಡು, ಯಾವ ಗುರುವಿನ ಶಿಷ್ಯರು, ಸಾಯುವವರೆಗೆ ಅನ್ನ ಬಿಡುವ ವ್ರತವನ್ನು ಎಷ್ಟು ಕಾಲ ಹಿಡಿದರು, ಅಷ್ಟೆ. ಚಿತ್ತೂರಿನ ಮೌನಿಗುರುವಿನ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂತರೆಂದು ಒಂದು ಬರಹ ತಿಳಿಸುತ್ತದೆ. ಆ ಸಂನ್ಯಾಸಿನಿಯ ಬಗ್ಗೆ ಅದಕ್ಕಿಂತ ಹೆಚ್ಚಿನದೇನನ್ನೂ ಬರೆಸುವ ಅಗತ್ಯ ಯಾರಿಗೂ ಕಂಡಿಲ್ಲ.

ಈ ಬರಹಗಳನ್ನು ಮುಗಿಸುವ ಕ್ರಿಯಾಪದ ಸಾಮಾನ್ಯವಾಗಿ ಒಂದೇ: ಮುಡಿಪಿದರ್. ಮುಗಿಸಿದರು, ಕೊನೆಗಾಣಿಸಿದರು ಎಂದು ಅದರ ಅರ್ಥ. ಮುಗಿದದ್ದು ಬಾಳೋ, ವ್ರತವೋ ಅಥವಾ ಸತ್ಯದ ಅರಸಾಟವೋ ಎಂಬುದನ್ನು ಕಲ್ಲು ಬಿಡಿಸಿ ಹೇಳುವುದಿಲ್ಲ. ಆದರೆ ಅದನ್ನು ಕೊರೆಸಿದವರಿಗೆ ಉತ್ತರ ಗೊತ್ತಿತ್ತು, ಮತ್ತು ಆ ಉತ್ತರ ಅಷ್ಟೇನೂ ಹಿತವಾದದ್ದಲ್ಲ.

ಜೈನ ಸಿದ್ಧಾಂತದಲ್ಲಿ ಸಾಧಕನ ಹಾದಿಗೆ ಹದಿನಾಲ್ಕು ಮೆಟ್ಟಿಲು. ಇವನ್ನು ಗುಣಸ್ಥಾನಗಳೆನ್ನುತ್ತಾರೆ. ಹದಿಮೂರನೆಯದರಲ್ಲಿ ಕೇವಲಜ್ಞಾನ ಹುಟ್ಟುತ್ತದೆ, ಅಲ್ಲಿಗೆ ಅರಿಯಬೇಕಾದದ್ದು ಯಾವುದೂ ಉಳಿಯುವುದಿಲ್ಲ. ಅರಸಾಟಕ್ಕೆ ಕೊನೆ ಖಂಡಿತ ಇದೆ. ತೊಡಕಿರುವುದು ಕಾಲದ್ದು. ದಿಗಂಬರ ಪರಂಪರೆಯ ಲೆಕ್ಕದಲ್ಲಿ ಮಹಾವೀರನ ನಿರ್ವಾಣದ ನಂತರ ಗೌತಮ, ಸುಧರ್ಮ, ಜಂಬೂಸ್ವಾಮಿ ಈ ಮೂವರು ಮಾತ್ರ ಒಬ್ಬರಾದ ಮೇಲೊಬ್ಬರು ಒಟ್ಟು 62 ವರ್ಷ ಕೇವಲಿಗಳಾಗಿದ್ದರು. ಜಂಬೂಸ್ವಾಮಿಯೊಂದಿಗೆ ಆ ಬಾಗಿಲು ಮುಚ್ಚಿತು. ಈಗ ನಡೆಯುತ್ತಿರುವುದು ಪಂಚಮ ಕಾಲ. ಅದರ ಅವಧಿ 21,000 ವರ್ಷ, ಕಳೆದಿರುವುದು ಎರಡೂವರೆ ಸಾವಿರದಷ್ಟು. ಈ ಕಾಲದಲ್ಲಿ ನಾವಿರುವ ಭರತಕ್ಷೇತ್ರದಲ್ಲಿ ಹುಟ್ಟಿದ ಮುನಿ ಎಷ್ಟೇ ಕಠಿಣವಾಗಿ ನಡೆದುಕೊಂಡರೂ ಏಳನೆಯ ಮೆಟ್ಟಿಲನ್ನು ದಾಟಲಾರ. ಬೆಟ್ಟ ಹತ್ತಿದ ಪ್ರತಿಯೊಬ್ಬ ಮುನಿಗೂ ಇದು ಬಾಯಿಪಾಠವಾಗಿದ್ದ ಸಂಗತಿ. ಹಾಗಾಗಿಯೇ ಹೊಗಳಿಕೆಯ ಭರದಲ್ಲಿ ಸಿದ್ಧಿಯೆಂಬ ಮಾತು ಅಲ್ಲಲ್ಲಿ ನುಸುಳಿದರೂ ಕಳ್ಬಪ್ಪಿನ ಬರಹಗಳು ಬಹುಪಾಲು ಸತ್ತವರನ್ನು ಮೋಕ್ಷಕ್ಕೆ ಕಳಿಸದೆ ಸುರಲೋಕಕ್ಕೆ ಕಳಿಸುತ್ತವೆ. ಸ್ವರ್ಗವೆಂದರೆ ಜೈನರಿಗೆ ನಡುದಾರಿಯ ತಂಗುದಾಣ. ಅಲ್ಲಿಂದ ಮತ್ತೆ ಮನುಷ್ಯನಾಗಿ ಹುಟ್ಟಿ ಬರಲೇಬೇಕು.

ಬೆಟ್ಟದ ಅತ್ಯಂತ ಹಳೆಯ ಶಾಸನ ಸುಮಾರು ಕ್ರಿ.ಶ. 600ರದು. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಕ್ಷಾಮ ಬರಲಿದೆಯೆಂದು ಭದ್ರಬಾಹು ಮುಂಗಂಡದ್ದು, ಸಂಘ ತೆಂಕಣಕ್ಕೆ ಹೊರಟದ್ದು, ಪ್ರಭಾಚಂದ್ರನೆಂಬ ಆಚಾರ್ಯ ಕಟವಪ್ರದಲ್ಲಿ ಒಬ್ಬನೇ ಶಿಷ್ಯನನ್ನು ಉಳಿಸಿಕೊಂಡು ದೇಹ ಬಿಟ್ಟದ್ದು ಅದರಲ್ಲಿದೆ. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿ ಹಿಡಿದರೆಂದೂ ಅದು ಹೇಳುತ್ತದೆ. ಈ ಪ್ರಭಾಚಂದ್ರನೇ ದೀಕ್ಷೆ ಪಡೆದ ಚಂದ್ರಗುಪ್ತ ಮೌರ್ಯನೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆದಿದೆ. ಬೆಟ್ಟದ ಚರಿತ್ರೆಗೆ ಅದಕ್ಕಿಂತ ಮುಖ್ಯವಾದದ್ದು ಆ ಏಳುನೂರರ ಲೆಕ್ಕ, ಏಕೆಂದರೆ 600ರ ಹೊತ್ತಿಗಾಗಲೇ ಇದು ಹಳೆಯ ವಾಡಿಕೆಯೆಂಬ ಭಾವನೆ ಅಲ್ಲಿತ್ತು.

ಸಲ್ಲೇಖನವೆಂಬ ಈ ವ್ರತವನ್ನು ಮನಸ್ಸು ಬಂದಾಗ ಹಿಡಿಯುವಂತಿರಲಿಲ್ಲ. ಪರಿಹಾರವಿಲ್ಲದ ಉಪಸರ್ಗ (ಹೊರಗಿನಿಂದ ಬಂದ ವಿಪತ್ತು), ಕ್ಷಾಮ, ಮುಪ್ಪು, ರೋಗ ಒದಗಿದಾಗ ಮಾತ್ರ ಎಂದು ಆಚಾರ್ಯ ಸಮಂತಭದ್ರ ರತ್ನಕರಂಡಕ ಶ್ರಾವಕಾಚಾರವೆಂಬ ಗ್ರಂಥದಲ್ಲಿ ಕಟ್ಟು ಹಾಕಿದ್ದಾನೆ. ಬದುಕಬೇಕೆಂಬ ಆಸೆ ಎಷ್ಟು ದೋಷವೋ ಬೇಗ ಸಾಯಬೇಕೆಂಬ ಆಸೆಯೂ ಅಷ್ಟೇ ದೋಷ. ಸ್ವತಃ ಸಮಂತಭದ್ರನಿಗೆ ಎಷ್ಟು ಉಂಡರೂ ಹಿಂಗದ ಭಸ್ಮಕ ರೋಗ ಬಂದಾಗ ಸಲ್ಲೇಖನಕ್ಕೆ ಅಪ್ಪಣೆ ಕೇಳಿದನಂತೆ. ನಿನ್ನಿಂದ ಆಗಬೇಕಾದ ಕೆಲಸ ಇನ್ನೂ ಇದೆಯೆಂದು ಗುರು ಒಪ್ಪಲಿಲ್ಲವೆಂಬ ಕಥೆ ಪ್ರಚಲಿತವಾಗಿದೆ.

ವ್ರತದ ಕ್ರಮವನ್ನು ವಿವರವಾಗಿ ಹೇಳುವುದು ಶಿವಾರ್ಯನ ಭಗವತೀ ಆರಾಧನಾ ಎಂಬ ಪ್ರಾಕೃತ ಗ್ರಂಥ. ಸಾಧಕನನ್ನು ಅಲ್ಲಿ ಕ್ಷಪಕ ಎಂದು ಕರೆಯುತ್ತಾರೆ, ನೋಡಿಕೊಳ್ಳುವವರು ನಿರ್ಯಾಪಕರು. ಅನುಕೂಲವಿದ್ದರೆ ನಲವತ್ತೆಂಟು ಮಂದಿ ನಿರ್ಯಾಪಕರು, ಏನೇ ಕಷ್ಟವಿದ್ದರೂ ಇಬ್ಬರಿಗೆ ಕಡಿಮೆ ಇರಬಾರದು. ಕ್ಷಪಕನನ್ನು ಹಿಡಿದೆತ್ತಿ ಹೊರಳಿಸುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು, ಧರ್ಮಕಥೆ ಹೇಳುವವರು ಹೀಗೆ ಕೆಲಸ ಹಂಚಿಕೊಳ್ಳುತ್ತಾರೆ. ಆಹಾರ ಒಮ್ಮೆಗೇ ನಿಲ್ಲುವುದಿಲ್ಲ. ಮೊದಲು ಗಟ್ಟಿ ಆಹಾರ ಬಿಟ್ಟು ಪೇಯಕ್ಕೆ, ಆಮೇಲೆ ಬರಿ ನೀರಿಗೆ, ಕೊನೆಗೆ ಅದೂ ಇಲ್ಲದ ಉಪವಾಸಕ್ಕೆ ಬರುತ್ತಾನೆ. ನಡುವೆ ಒಂದು ವಿಚಿತ್ರ ಪರೀಕ್ಷೆಯಿದೆ: ಬಗೆಬಗೆಯ ತಿನಿಸುಗಳನ್ನು ತಂದು ಕ್ಷಪಕನ ಕಣ್ಣೆದುರಿಗೆ ಇಡುತ್ತಾರೆ. ನೋಡಿಯೂ ಬೇಡವೆನಿಸಿದರೆ ಮುಂದುವರಿಯಬಹುದು. ನಾಲಿಗೆ ಬಯಸಿದರೆ ಆ ಬಯಕೆಯನ್ನು ಬೋಧಿಸಿ ತಗ್ಗಿಸುತ್ತಾರೆ.

ಕೊನೆಯ ದಿನಗಳಲ್ಲಿ ಧೃತಿಗೆಡಬಾರದೆಂದು ಹೇಳುವ ಕಥೆಗಳಿರುವ ಆ ಗ್ರಂಥದ ಭಾಗಕ್ಕೆ ಕವಚ ಎಂದೇ ಹೆಸರು. ಕನ್ನಡದ ಉಳಿದುಬಂದ ಮೊದಲ ಗದ್ಯಗ್ರಂಥಗಳಲ್ಲೊಂದಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಹುಟ್ಟಿದ್ದು ಈ ಕವಚದ ಗಾಹೆಗಳೆಂಬ ಪ್ರಾಕೃತ ಪದ್ಯಗಳಿಂದ. ಮರಿಗಳೊಂದಿಗೆ ಬಂದ ನರಿ ಕಾಲಿನಿಂದ ಶುರುಮಾಡಿ ಮೈಯನ್ನೇ ತಿನ್ನುತ್ತಿದ್ದರೂ ಅಲುಗದ ಸುಕುಮಾರಸ್ವಾಮಿಯ ಕಥೆ ಇಂದಿನ ಓದುಗನ ಮೈ ನಡುಗಿಸುತ್ತದೆ. ಆ ಕಥೆ ಮೂಲದಲ್ಲಿ ಅನ್ನ ಬಿಟ್ಟು ಮಲಗಿದವನ ಕಿವಿಗೆಂದು ಸಿದ್ಧವಾದ ಸರಕು. ಕನ್ನಡ ಗದ್ಯದ ಆರಂಭದ ಬೆಳೆ ಇಂಥ ಹಾಸಿಗೆಯ ಪಕ್ಕದಲ್ಲೂ ಬೆಳೆದಿದೆಯೆಂಬುದನ್ನು ಸಾಹಿತ್ಯ ಚರಿತ್ರೆಗಳು ಇನ್ನಷ್ಟು ಒತ್ತಿ ಹೇಳಬಹುದಿತ್ತು.

10ನೆಯ ಶತಮಾನದ ವೇಳೆಗೆ ಮುನಿಗಳ ಈ ವ್ರತಕ್ಕೆ ಅರಸರೂ ಬಂದರು. ಗಂಗರ ಇಮ್ಮಡಿ ಮಾರಸಿಂಹ 974ರಲ್ಲಿ ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನ ನೋಂತು ತೀರಿಕೊಂಡ. ಅದನ್ನು ಹೇಳುವ ಶಾಸನ ಚಂದ್ರಗಿರಿಯ ಕೂಗೆ ಬ್ರಹ್ಮದೇವ ಕಂಬದ ಮೇಲಿದೆ. ರಾಜ್ಯ ಕಳೆದುಕೊಂಡ ರಾಷ್ಟ್ರಕೂಟ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳಕ್ಕೇ ಬಂದು ವ್ರತ ಹಿಡಿದ. ಅವನ ಶಾಸನ ತಪಸ್ಸಿಗಿಂತ ಚೆಂಡಾಟದ ಚಳಕವನ್ನೇ ಹೆಚ್ಚು ಸಂಭ್ರಮದಿಂದ ವರ್ಣಿಸುತ್ತದೆ. ಹೊಯ್ಸಳರ ಕಾಲದಲ್ಲಿ ಮನೆತನದ ಹೆಂಗಸರ ಹೆಸರುಗಳು ಎದ್ದುಕಾಣುತ್ತವೆ. ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮೀಮತಿ 1121ರಲ್ಲಿ ವ್ರತ ಹಿಡಿದು ತೀರಿಕೊಂಡಳು. ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಅನ್ನ ಬಿಟ್ಟು ಪ್ರಾಣ ಬಿಟ್ಟಳು. ಮಗಳು ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನ ಈ ಇಬ್ಬರ ಸಾವನ್ನೂ ಒಟ್ಟಿಗೆ ಹೇಳುತ್ತದೆ. ಸಿದ್ಧಾಂತಕ್ಕಿಂತ ದುಃಖವೇ ಆ ತಾಯಿಯನ್ನು ಬೆಟ್ಟಕ್ಕೆ ತಂದಿತೆಂದು ಓದುವವರಿಗೆ ಅನಿಸಿದರೆ ತಪ್ಪಿಲ್ಲ.

ಈ ಹೊತ್ತಿಗೆ ಬಂಡೆಯ ಬರಹ ಹೋಗಿ ಕೆತ್ತನೆಯುಳ್ಳ ನಿಸಿದಿಗಲ್ಲು ಬಂದಿತ್ತು. ವೀರಗಲ್ಲಿನಂತೆಯೇ ಇದಕ್ಕೂ ಪಟ್ಟಿಕೆಗಳು, ಮೇಲ್ಗಡೆ ಜಿನಬಿಂಬ. ವ್ಯತ್ಯಾಸವಿರುವುದು ಕೆಳಗಿನ ಪಟ್ಟಿಕೆಯಲ್ಲಿ. ವೀರಗಲ್ಲಿನಲ್ಲಿ ಕಾಳಗವಿರುವ ಜಾಗದಲ್ಲಿ ಇಲ್ಲಿ ಇಬ್ಬರು ಎದುರುಬದುರಾಗಿ ಕುಳಿತಿರುತ್ತಾರೆ, ನಡುವೆ ಓಲೆಗರಿಯ ಹೊತ್ತಗೆ ಇಡುವ ಠವಣೆಕೋಲು. ಒಬ್ಬರು ಗುರು, ಇನ್ನೊಬ್ಬರು ಸಾಯಲಿರುವವರು. ಗುರು ಹೇಳುತ್ತಿದ್ದಾರೆ, ಶಿಷ್ಯರು ಕೈಮುಗಿದು ಕೇಳುತ್ತಿದ್ದಾರೆ. ಸಾವಿನ ಸ್ಮಾರಕಕ್ಕೆ ಶಿಲ್ಪಿ ಆರಿಸಿಕೊಂಡಿರುವುದು ಪಾಠ ನಡೆಯುತ್ತಿರುವ ಗಳಿಗೆಯನ್ನು.

14ನೆಯ ಶತಮಾನದ ಬಳಿಕ ಸಂಖ್ಯೆ ಇಳಿಯಿತು. ಬೆಳಗೊಳದ ಇನ್ನೊಂದು ಬೆಟ್ಟವಾದ ದೊಡ್ಡಬೆಟ್ಟದ ಸಿದ್ಧರ ಬಸದಿಯಲ್ಲಿ ಪಂಡಿತಾರ್ಯರ (1398) ಮತ್ತು ಶ್ರುತಮುನಿಯ (1432) ಉದ್ದುದ್ದ ಪದ್ಯಶಾಸನಗಳಿವೆ. 1809ರಲ್ಲಿ ಅಜಿತಕೀರ್ತಿ ಎಂಬವರು ಒಂದು ತಿಂಗಳ ಉಪವಾಸದ ನಂತರ ಭದ್ರಬಾಹು ಗುಹೆಯಲ್ಲಿ ತೀರಿಕೊಂಡರು. ಶಾಸನತಜ್ಞ ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ. 1923ರ ಆರ್. ನರಸಿಂಹಾಚಾರ್ಯರ ಆವೃತ್ತಿಯಲ್ಲಿ ಅವು 500 ಆದವು. ಅವುಗಳಲ್ಲಿ ಅಡಗಿರುವ ಸಾವಿನ ಚರಿತ್ರೆಯನ್ನು ಬಿಡಿಸಿ ನೋಡಿದವರು ಇತಿಹಾಸಕಾರ ಷ. ಶೆಟ್ಟರ್.

ವ್ರತ ನಿಂತಿಲ್ಲ. ಬೆಳಗಾವಿ ಜಿಲ್ಲೆಯ ಭೋಜದವರಾದ ಆಚಾರ್ಯ ಶಾಂತಿಸಾಗರರು 1955ರ ಸೆಪ್ಟೆಂಬರ್ 18ರಂದು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಸಲ್ಲೇಖನಕ್ಕೆ ಮುನ್ನ ಆಚಾರ್ಯನಾದವನು ಆ ಪದವಿಯನ್ನು ಬಿಟ್ಟುಕೊಡಬೇಕೆಂಬ ಹಳೆಯ ನಿಯಮವೂ ಉಳಿದುಬಂದಿದೆ. 1972ರಲ್ಲಿ ರಾಜಸ್ಥಾನದ ನಸೀರಾಬಾದಿನಲ್ಲಿ ಆಚಾರ್ಯ ಜ್ಞಾನಸಾಗರರು ಪೀಠವನ್ನು ಶಿಷ್ಯನಿಗೆ ಒಪ್ಪಿಸಿದರು. ಆ ಶಿಷ್ಯ ಸದಲಗದಲ್ಲಿ ಹುಟ್ಟಿದ ಕನ್ನಡಿಗ ವಿದ್ಯಾಸಾಗರ, ಆಗಿನ್ನೂ 26ರ ಹರೆಯ. ಮುಪ್ಪಿನ ಗುರು ಕೆಳಗಿಳಿದು, ಶಿಷ್ಯನನ್ನೇ ಗುರುವೆಂದು ಭಾವಿಸಿ, ತನ್ನ ಸಲ್ಲೇಖನವನ್ನು ನಡೆಸಿಕೊಡಬೇಕೆಂದು ಕೇಳಿಕೊಂಡರು. 1973ರಲ್ಲಿ ಅವರು ತೀರಿಕೊಳ್ಳುವವರೆಗೆ ವಿದ್ಯಾಸಾಗರರೇ ನಿರ್ಯಾಪಕರಾಗಿದ್ದರು. 2024ರ ಫೆಬ್ರವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ವಿದ್ಯಾಸಾಗರರೂ ಮೊದಲು ಆಚಾರ್ಯ ಪದವಿ ಬಿಟ್ಟು, ಆಮೇಲೆ ಅನ್ನ ಬಿಟ್ಟರು. ಆ ಕ್ಷೇತ್ರದ ಹೆಸರೂ ಚಂದ್ರಗಿರಿ.