ಹೆಣ್ಣು-ಗಂಡೆಂಬ ಪಾತ್ರಕಲ್ಪನೆ, ಮಾನಸಿಕ ಆರೋಗ್ಯ ಮತ್ತು ಆಪ್ತಸಮಾಲೋಚನೆ: ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಾನಸಿಕ ಆರೋಗ್ಯ ಸೇವೆ, ಆಪ್ತಸಮಾಲೋಚನೆ ಹಾಗೂ ಕಾನೂನು ನೆರವನ್ನು ಕೋರುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹೆಣ್ಣು ಇಷ್ಟನ್ನು ಸಹಿಸಬೇಕು, ಗಂಡು ಇಷ್ಟನ್ನು ಹೊರಬೇಕು ಎಂಬ ರೂಢಿಗತ ಭಾವನೆಗಳು ಮನಸ್ಸಿನ ಆರೋಗ್ಯವನ್ನು ಕೆಡಿಸುವುದಲ್ಲದೆ, ಯಾರು ಚಿಕಿತ್ಸೆಗೆ ಬರುತ್ತಾರೆ, ಬಂದವರ ಮಾತನ್ನು ಹೇಗೆ ಕೇಳಲಾಗುತ್ತದೆ ಎಂಬುದನ್ನೂ ನಿರ್ಧರಿಸುತ್ತವೆ. ಆದುದರಿಂದ ಸೇವೆಯ ವಿವರಗಳಿಗಿಂತ ಮೊದಲು ಈ ವಿಷಯವನ್ನು ತಿಳಿಸುವುದು ಅಗತ್ಯವಾಗಿದೆ.

ಹಿನ್ನೆಲೆ

ಸದರಿ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಶೇಂಗಾ ಬೆಳೆ, ಕುರಿ ಸಾಕಣೆ, ಕಂಬಳಿ ಮತ್ತು ರೇಷ್ಮೆ ನೇಯ್ಗೆ ಇಲ್ಲಿನ ಮುಖ್ಯ ಜೀವನೋಪಾಯಗಳು. ಮಳೆ ಕೈಕೊಟ್ಟ ವರ್ಷ ಸಾಲದ ಕಾಗದಕ್ಕೆ ಸಹಿ ಮಾಡಿದವನು ಸಾಮಾನ್ಯವಾಗಿ ಗಂಡಸು. ಸಾಲಗಾರನ ಮುಂದೆ ನಿಲ್ಲಬೇಕಾದವನೂ ಅವನೇ. ಅಳುವುದು, ದಣಿವನ್ನು ಹೇಳಿಕೊಳ್ಳುವುದು ಗಂಡಸಿನ ಲಕ್ಷಣವಲ್ಲವೆಂಬ ಕಲ್ಪನೆಯಿಂದಾಗಿ ಅವನ ಖಿನ್ನತೆ ಸಿಟ್ಟಾಗಿಯೋ ಕುಡಿತವಾಗಿಯೋ ಹೊರಬೀಳುತ್ತದೆ. ಕುರಿ ಮೇಯಿಸಲು ತಿಂಗಳುಗಟ್ಟಲೆ ಹೊರಗೆ ಹೋದವರ ಮನೆಯಲ್ಲಿ ಹೊಲ, ದನ, ವೃದ್ಧರು, ಮಕ್ಕಳು ಎಲ್ಲವೂ ಹೆಂಗಸಿನ ಹೊಣೆಯಾದರೂ ಪಹಣಿಯಲ್ಲಿ ಅವಳ ಹೆಸರು ಇರುವುದು ಅಪರೂಪ.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಮಗ್ಗ ಮನೆಯೊಳಗೇ ಇರುತ್ತದೆ. ಮಗ್ಗದ ಮೇಲೆ ಕೂತವರನ್ನು ನೇಕಾರರೆಂದು ಕರೆಯುತ್ತಾರೆ. ಕಂಡಿಕೆ ಸುತ್ತಿ, ಎಳೆ ಜೋಡಿಸಿ, ನಡುವೆ ಅಡುಗೆಯನ್ನೂ ಮುಗಿಸುವವಳ ದುಡಿಮೆಯನ್ನು ಮನೆಗೆಲಸವೆಂದು ಎಣಿಸಲಾಗುತ್ತದೆ. ಲೆಕ್ಕಕ್ಕೆ ಬಾರದ ದುಡಿಮೆಯ ದಣಿವೂ ಲೆಕ್ಕಕ್ಕೆ ಬರುವುದಿಲ್ಲ. ಇಂಥ ಮಹಿಳೆ ಆಸ್ಪತ್ರೆಗೆ ಬಂದಾಗ ದುಃಖವೆಂದು ಹೇಳುವುದಿಲ್ಲ. ತಲೆನೋವು, ಸೊಂಟನೋವು, ಕೈಕಾಲು ಜುಮ್ಮೆನ್ನುವುದು, ನಿದ್ರೆ ಬಾರದಿರುವುದು ಎನ್ನುತ್ತಾಳೆ. ನೋವಿನ ಮಾತ್ರೆ ಪಡೆದು ಹಿಂದಿರುಗುತ್ತಾಳೆ.

ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಕಂಡುಬಂದಿದೆ. ಎಲ್ಲ ಹಟ್ಟಿಗಳೂ ಒಂದೇ ರೀತಿ ಇಲ್ಲ. ಓದಿದ ಹೆಣ್ಣುಮಕ್ಕಳೂ ಹಿರಿಯರೂ ಸೇರಿ ಪದ್ಧತಿಯನ್ನು ಸಡಿಲಿಸಿದ ಕಡೆಗಳಿವೆ. ಆದರೆ ಹೆರಿಗೆಯ ನಂತರದ ವಾರಗಳು ಖಿನ್ನತೆ ಬಾಧಿಸುವ ಸಂಭವ ಹೆಚ್ಚಿರುವ ಕಾಲವಾದುದರಿಂದ, ಆ ಕಾಲದಲ್ಲಿಯೇ ತಾಯಿಯನ್ನು ಒಂಟಿಯಾಗಿರಿಸುವುದು ಅಪಾಯಕರ. ಮುಟ್ಟಾದ ಅಥವಾ ಗರ್ಭಿಣಿ ಮಹಿಳೆಯರನ್ನು ಬಲವಂತವಾಗಿ ಪ್ರತ್ಯೇಕಿಸುವುದನ್ನು ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ಪ್ರತಿಬಂಧ ಹಾಗೂ ನಿರ್ಮೂಲನೆ ಅಧಿನಿಯಮ, 2017 ನಿಷೇಧಿಸಿದೆ. ಹೆರಿಗೆಯಾದ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಹಲವು ಬಾರಿ ಮನೆಗೆ ಭೇಟಿ ನೀಡಬೇಕಾಗಿದ್ದು, ತಾಯಿ ಮಗುವನ್ನು ಎತ್ತಿಕೊಳ್ಳಲು ಮನಸ್ಸು ಮಾಡದಿದ್ದರೆ, ಊಟ ಬಿಟ್ಟಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ ಆ ಭೇಟಿಯಲ್ಲಿಯೇ ತಿಳಿಸತಕ್ಕದ್ದು.

ಅಂಕಿಅಂಶಗಳು

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ (ಕರ್ನಾಟಕ ಈ 12ರಲ್ಲಿ ಸೇರಿಲ್ಲ) ಮಾನಸಿಕ ತೊಂದರೆಗಳ ಒಟ್ಟು ಪ್ರಮಾಣ ಪುರುಷರಲ್ಲಿ ಶೇ. 13.9, ಮಹಿಳೆಯರಲ್ಲಿ ಶೇ. 7.5 ಇದ್ದಿತು. ಪುರುಷರ ಪ್ರಮಾಣ ಹೆಚ್ಚಿರಲು ಮುಖ್ಯ ಕಾರಣ ಮದ್ಯಪಾನ. ಖಿನ್ನತೆಯನ್ನು ಮಾತ್ರ ನೋಡಿದರೆ ಮಹಿಳೆಯರೇ ಹೆಚ್ಚು. ಮದ್ಯವ್ಯಸನಿಗಳ ಪೈಕಿ ಸುಮಾರು ಶೇ. 86ರಷ್ಟು ಮಂದಿ ಯಾವುದೇ ಚಿಕಿತ್ಸೆ ಪಡೆದಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ 1,70,924 ಜನರಲ್ಲಿ ಶೇ. 71.8 ಪುರುಷರು; ಮೃತಪಟ್ಟ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೃಹಿಣಿಯರು. ಹೇಳಿಕೊಳ್ಳಬಾರದೆಂದು ಕಲಿತವನಿಗೂ, ಹೇಳಿದರೂ ಯಾರೂ ಕೇಳದವಳಿಗೂ ಒಂದೇ ಅಪಾಯವಿದೆಯೆಂದು ಈ ಅಂಕಿಗಳಿಂದ ತಿಳಿಯಬಹುದಾಗಿದೆ.

ಆಪ್ತಸಮಾಲೋಚನೆಯಲ್ಲಿ ಗಮನಿಸಬೇಕಾದ ಅಂಶಗಳು

ಆಪ್ತಸಮಾಲೋಚನೆಯೆಂದರೆ ಬುದ್ಧಿಮಾತು ಹೇಳುವುದಲ್ಲ, ರಾಜಿ ಪಂಚಾಯಿತಿಯೂ ಅಲ್ಲ. "ಹೊಂದಿಕೊಂಡು ಹೋಗಮ್ಮ, ಎಲ್ಲರ ಮನೆಯಲ್ಲೂ ಇದ್ದದ್ದೇ" ಎಂಬ ಮಾತನ್ನು ಸಮಾಲೋಚನೆಯೆಂದು ಪರಿಗಣಿಸಲಾಗದು. ಮನೆಯಲ್ಲಿ ಹಿಂಸೆ ನಡೆಯುತ್ತಿರುವಾಗ ಮಹಿಳೆಯ ನಿದ್ರಾಹೀನತೆಗೆ ಮಾತ್ರ ಔಷಧಿ ಕೊಟ್ಟು ಕಳುಹಿಸಿದರೆ ಕಾರಣ ಹಾಗೆಯೇ ಉಳಿಯುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರಲ್ಲಿ ಹೊಡೆತವಷ್ಟೇ ಅಲ್ಲದೆ ಮಾತಿನ ಹಾಗೂ ಭಾವನಾತ್ಮಕ ಹಿಂಸೆಯೂ ಸೇರಿದೆ. ಮಕ್ಕಳಾಗಲಿಲ್ಲವೆಂದು, ಗಂಡುಮಗುವಾಗಲಿಲ್ಲವೆಂದು ಹಂಗಿಸುವುದೂ ಇದರಲ್ಲಿ ಬರುತ್ತದೆ.

ಅತ್ತೆಯೋ ಗಂಡನೋ ಜೊತೆಗೆ ಬಂದು ರೋಗಿಯ ಬದಲು ತಾವೇ ಉತ್ತರಿಸುವುದು ಸಾಮಾನ್ಯ. ಅಂತಹ ಸಂದರ್ಭದಲ್ಲಿ ವೈದ್ಯರೊಡನೆ ಸ್ವಲ್ಪ ಹೊತ್ತು ಒಬ್ಬರೇ ಮಾತನಾಡಬೇಕೆಂದು ಕೇಳಿಕೊಳ್ಳಬಹುದು. ಇದರಲ್ಲಿ ಸಂಕೋಚಪಡಬೇಕಾದುದು ಏನೂ ಇಲ್ಲ. ಹಾಗೆಯೇ ಕುಡಿತ ಬಿಡಿಸಲೆಂದು ಕರೆತಂದ ಪುರುಷನ ಬಳಿ ಎಷ್ಟು ಕುಡಿಯುತ್ತಾನೆಂದು ಕೇಳಿದರೆ ಸಾಲದು. ಬೆಳೆ, ಸಾಲ, ನಿದ್ರೆ, ಬದುಕುವ ಆಸೆ ಇವುಗಳ ಕುರಿತೂ ಕೇಳಬೇಕಾಗುತ್ತದೆ. ಮದುವೆ ಮಾಡಿದರೆ ಸರಿಹೋಗುತ್ತದೆಂದು ನಂಬಿ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದರಿಂದ ಎರಡು ಕುಟುಂಬಗಳಿಗೂ ತೊಂದರೆಯಾಗುತ್ತದೆ, ಚಿಕಿತ್ಸೆಯೂ ತಡವಾಗುತ್ತದೆ.

ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕೆ ಹೊಂದದ ರೀತಿಯಲ್ಲಿ ಬಾಳುವವರನ್ನು ಆ ಕಾರಣಕ್ಕಾಗಿಯೇ ಮಾನಸಿಕ ರೋಗಿಯೆಂದು ಕರೆಯುವಂತಿಲ್ಲ. ಸಮುದಾಯದ ನೈತಿಕ, ಸಾಮಾಜಿಕ ಅಥವಾ ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದುವುದಿಲ್ಲವೆಂಬ ಆಧಾರದ ಮೇಲೆ ಮಾನಸಿಕ ಕಾಯಿಲೆಯನ್ನು ನಿರ್ಧರಿಸಕೂಡದೆಂದು ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆ, 2017ರ 3ನೇ ಪ್ರಕರಣ ಸ್ಪಷ್ಟಪಡಿಸಿದೆ.

ಸೇವೆ ಕೋರುವವರ ಹಕ್ಕುಗಳು

ಮೇಲ್ಕಂಡ ಕಾಯ್ದೆಯು 2018ರ ಮೇ 29ರಿಂದ ಜಾರಿಯಲ್ಲಿದೆ. ಇದರನ್ವಯ ವಯಸ್ಕ ಮಹಿಳೆಯು ಚಿಕಿತ್ಸೆ ಪಡೆಯಲು ಗಂಡನ ಅಥವಾ ತಂದೆಯ ಒಪ್ಪಿಗೆ ಪತ್ರವನ್ನು ತರಬೇಕಾಗಿಲ್ಲ. ಆಸ್ಪತ್ರೆಗೆ ದಾಖಲಾಗಬೇಕಾದಲ್ಲಿ ತಾನೇ ಕೋರಿಕೆ ಸಲ್ಲಿಸಬಹುದು. ಮುಂದೆ ತನ್ನ ಪರವಾಗಿ ನಿರ್ಧಾರಕ್ಕೆ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿಯನ್ನು ಪ್ರತಿ ವಯಸ್ಕ ವ್ಯಕ್ತಿಯೂ ಆರಿಸಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದರೆ ಸಾಕು. ಆ ಪ್ರತಿನಿಧಿ ಗಂಡನೇ ಆಗಿರಬೇಕೆಂಬ ನಿಯಮವಿಲ್ಲ. ಅಕ್ಕ, ತಮ್ಮ, ಗೆಳತಿ ಯಾರೂ ಆಗಬಹುದು. ಒಳರೋಗಿಯಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ.

"ಆಸ್ಪತ್ರೆಯ ಚೀಟಿ ತೋರಿಸಿ ಹುಚ್ಚಿಯೆಂದು ತವರಿಗೆ ಕಳುಹಿಸಿಬಿಟ್ಟರೆ?" ಎಂಬ ಭಯದಿಂದ ಅನೇಕ ಮಹಿಳೆಯರು ಚಿಕಿತ್ಸೆಗೆ ಬರುವುದಿಲ್ಲ. ಈ ಭಯ ನಿರಾಧಾರವೆಂದು ಹೇಳಲಾಗದು, ಏಕೆಂದರೆ ವಿಚ್ಛೇದನದ ಅರ್ಜಿಗಳಲ್ಲಿ ಮಾನಸಿಕ ಕಾಯಿಲೆಯನ್ನು ಕಾರಣವಾಗಿ ಮುಂದಿಡಲು ಅವಕಾಶವಿದೆ. ಆದರೆ ಚಿಕಿತ್ಸೆಯ ವಿವರಗಳು ಗೋಪ್ಯವಾಗಿದ್ದು, ಕಾಯ್ದೆಯು ಹೇಳಿರುವ ಸಂದರ್ಭಗಳ ಹೊರತು ಬೇರೆಯವರಿಗೆ ನೀಡುವಂತಿಲ್ಲ. ಕಾಯಿಲೆಯಿದೆ ಎಂಬುದೊಂದರಿಂದಲೇ ವ್ಯಕ್ತಿಯು ಅಸ್ವಸ್ಥಚಿತ್ತಳೆಂದು ಆಗುವುದಿಲ್ಲ. ಹಾಗೆಂದು ಘೋಷಿಸುವ ಅಧಿಕಾರ ಸಕ್ಷಮ ನ್ಯಾಯಾಲಯಕ್ಕೆ ಮಾತ್ರ. ಪ್ರಕರಣದಲ್ಲಿ ಕಾಯಿಲೆಯ ಆರೋಪವನ್ನು ಎದುರು ಪಕ್ಷ ಪ್ರಶ್ನಿಸಿದರೆ ನ್ಯಾಯಾಲಯವು ಅದನ್ನು ಮಾನಸಿಕ ಆರೋಗ್ಯ ಪುನರ್ವಿಲೋಕನ ಮಂಡಳಿಯ ಪರಿಶೀಲನೆಗೆ ಕಳುಹಿಸಬೇಕು. ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿದ್ದು, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು.

ಆತ್ಮಹತ್ಯೆಗೆ ಯತ್ನಿಸಿದವರನ್ನು ಪೊಲೀಸ್ ಪ್ರಕರಣದ ಹೆದರಿಕೆಯಿಂದ ಆಸ್ಪತ್ರೆಗೆ ತಾರದೆ ಇರುವುದು ಅತ್ಯಂತ ಅಪಾಯಕಾರಿ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಶಿಕ್ಷೆಯ ಬದಲು ಆರೈಕೆ ನೀಡಬೇಕೆಂಬುದು ಕಾಯ್ದೆಯ 115ನೇ ಪ್ರಕರಣದ ಆಶಯ.

ಸೇವೆ ದೊರೆಯುವ ಸ್ಥಳಗಳು

ಮೊಳಕಾಲ್ಮೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಇಲ್ಲಿ ಸ್ಮರಣೀಯ. ಈ ಕಾರ್ಯಕ್ರಮದ ಸೇವೆಗಳನ್ನು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಪಡೆಯಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಸರದಿಯಂತೆ ಭೇಟಿ ನೀಡುವ ವ್ಯವಸ್ಥೆಯಿದ್ದು, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ಯಾವ ಮಂಗಳವಾರವೆಂಬುದನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಒಳಿತು. ಕೂಲಿ ಬಿಟ್ಟು ಬಸ್ಸು ಹಿಡಿದು ಬಂದವರು ಬರಿಗೈಲಿ ಹಿಂದಿರುಗಬಾರದು.

ಮನೆಯಿಂದ ಹೊರಬರಲಾಗದವರು ಟೆಲಿ ಮಾನಸ್ ಉಚಿತ ದೂರವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಕನ್ನಡದಲ್ಲಿಯೂ, ಗಡಿ ಗ್ರಾಮಗಳ ತೆಲುಗು ಭಾಷಿಕರಿಗೆ ತೆಲುಗಿನಲ್ಲಿಯೂ ಲಭ್ಯ. ಹಿಂಸೆಗೆ ಒಳಗಾದ ಮಹಿಳೆಯರು 181ಕ್ಕೆ, ತುರ್ತು ಸಂದರ್ಭದಲ್ಲಿ 112ಕ್ಕೆ, ಕಾನೂನು ನೆರವಿಗಾಗಿ 15100ಕ್ಕೆ ಕರೆ ಮಾಡಬಹುದು. ಕೌಟುಂಬಿಕ ಹಿಂಸೆಯ ದೂರನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಯಲ್ಲಿ ಲಿಖಿತವಾಗಿ ಅಥವಾ ಮೌಖಿಕವಾಗಿ ಸಲ್ಲಿಸಬಹುದು. ಬರೆಯಲು ಬಾರದವರ ಹೇಳಿಕೆಯನ್ನು ಕಚೇರಿಯಲ್ಲಿಯೇ ಬರೆದುಕೊಂಡು ಓದಿ ಹೇಳಬೇಕೆಂದು ಕೇಳಿಕೊಳ್ಳತಕ್ಕದ್ದು.