ಮುತ್ತಮ್ಮ ಸಹಿ ಹಾಕಿದ ಕಾಗದ

ಕೆಲಸಕ್ಕೆ ಸೇರುವ ದಿನ, "ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಬರೆದುಕೊಡಿ" ಅಂದರೆ ನೀವೇನು ಮಾಡುತ್ತೀರಿ? ನಮ್ಮ ಕೊಡಗಿನ ತರುಣಿಯೊಬ್ಬರು ಹಾಗೆ ಬರೆದುಕೊಟ್ಟೇ ಕೆಲಸಕ್ಕೆ ಸೇರಬೇಕಾಯಿತು.

ಅವರು ಸಿ.ಬಿ. ಮುತ್ತಮ್ಮ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು. ಒಂಬತ್ತನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಮಡಿಕೇರಿಯಲ್ಲಿ, ಮದರಾಸಿನಲ್ಲಿ ಓದಿ, 1948ರಲ್ಲಿ ಭಾರತದ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಮಹಿಳೆಯಾದರು. ಮರುವರ್ಷ ವಿದೇಶಾಂಗ ಸೇವೆಗೆ ಸೇರಿದರು.

1950ರಲ್ಲಿ ಸಂವಿಧಾನ ಜಾರಿಗೆ ಬಂತು. ಸರ್ಕಾರಿ ಕೆಲಸದಲ್ಲಿ ಹೆಣ್ಣು–ಗಂಡು ಎಂಬ ಭೇದ ಸಲ್ಲದು ಎಂದು ಅದರ 16ನೇ ವಿಧಿ ಹೇಳುತ್ತದೆ. ಆದರೆ 1961ರ ವಿದೇಶಾಂಗ ಸೇವಾ ನಿಯಮಗಳು ಬೇರೆಯೇ ಹೇಳಿದವು. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾದೀತು ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದು. ಗಂಡಸರಿಗೆ ಈ ನಿಯಮವಿಲ್ಲ!

ಇದು ಭಾರತದ ಕಥೆ ಮಾತ್ರ ಎನ್ನಬೇಡಿ. ನಾವಿರುವ ಈ ಅಮೆರಿಕದಲ್ಲೂ 1960ರ ದಶಕದಲ್ಲಿ ಅನೇಕ ವಿಮಾನ ಕಂಪನಿಗಳು ಮದುವೆಯಾದ ಗಗನಸಖಿಯರನ್ನು ಕೆಲಸದಿಂದ ತೆಗೆಯುತ್ತಿದ್ದವು.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೂ ಮುಂದಿನ ದರ್ಜೆಯ ಬಡ್ತಿ ಸಿಗಲಿಲ್ಲ. ಹೆಣ್ಣೆಂಬ ಕಾರಣಕ್ಕೇ ತಡೆದಿದ್ದಾರೆ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಸೇವೆಯಲ್ಲಿದ್ದುಕೊಂಡೇ ಸರ್ಕಾರದ ವಿರುದ್ಧ ನಿಲ್ಲುವುದು ಸಣ್ಣ ಮಾತಲ್ಲ. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಬಂತು. ಒಂದು ನಿಯಮ ರದ್ದಾಗಿದೆ, ಇನ್ನೊಂದನ್ನು ತೆಗೆಯುತ್ತಿದ್ದೇವೆ ಎಂದು ಸರ್ಕಾರ ಹೇಳಿತು.

1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಸಂಸಾರ ಹೆಣ್ಣಿಗೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬಹುದಲ್ಲವೇ ಎಂಬುದು ಅದರ ತಿರುಳು. ಬಡ್ತಿ ಸಿಕ್ಕಿದ್ದರಿಂದ ಅರ್ಜಿಯೇನೋ ವಜಾ ಆಯಿತು. ಆದರೆ ಅವರ ಜ್ಯೇಷ್ಠತೆಯನ್ನು ಮತ್ತೆ ಪರಿಶೀಲಿಸಿ, ಎಲ್ಲ ಸೇವಾ ನಿಯಮಗಳಿಂದಲೂ ಇಂಥ ಭೇದ ತೊಡೆದುಹಾಕಿ ಎಂದು ನ್ಯಾಯಾಲಯ ಸರ್ಕಾರಕ್ಕೆ ಹೇಳಿತು. ಕಾಗದದ ಮೇಲೆ ಸೋಲು, ನಿಜದಲ್ಲಿ ಗೆಲುವು.

ನಾನು ಮನೆ ನೋಡಿಕೊಳ್ಳುವವಳು. ಅದು ನಾನೇ ಆರಿಸಿಕೊಂಡದ್ದು. ನಾವಾಗಿ ಆರಿಸಿಕೊಳ್ಳುವುದು ಬೇರೆ, ಇನ್ನೊಬ್ಬರು ಬರೆಸಿಕೊಳ್ಳುವುದು ಬೇರೆ.

ಸಂವಿಧಾನ ಬಂದು ಇಪ್ಪತ್ತೊಂಬತ್ತು ವರ್ಷವಾದ ಮೇಲೂ ಒಬ್ಬರು ಕೋರ್ಟಿಗೆ ಹೋಗಿ ಕೇಳಬೇಕಾಯಿತು. ಆದ್ದರಿಂದ ಮಕ್ಕಳೇ, ದೊಡ್ಡ ಕಾನೂನು ಓದಿ ನೆಮ್ಮದಿಯಾಗಬೇಡಿ. ನಿಮ್ಮ ಆಫೀಸಿನ ಸಣ್ಣ ನಿಯಮಗಳನ್ನೂ ಓದಿ. ತಪ್ಪು ಕಂಡರೆ ಕೇಳಿ.