ಆಲಮೋದಿಂದ ಬದುಕಿ ಬಂದವರು

ಟೆಕ್ಸಾಸಿನ ಆಲಮೋ ಮುತ್ತಿಗೆಯಲ್ಲಿ ಒಬ್ಬರೂ ಉಳಿಯಲಿಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಬ್ಬರೂ ಉಳಿಯದಿದ್ದರೆ ಒಳಗೆ ನಡೆದದ್ದನ್ನು ಲೋಕಕ್ಕೆ ಹೇಳಿದವರು ಯಾರು? ಹೆಂಗಸರನ್ನು, ಮಕ್ಕಳನ್ನು, ಗುಲಾಮರನ್ನು ಲೆಕ್ಕಕ್ಕೆ ಹಿಡಿಯದವರಷ್ಟೇ ಹಾಗೆ ಹೇಳಬಲ್ಲರು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ಈ ಪಾಠವನ್ನು ಅವರಿಂದಲೇ ಶುರು ಮಾಡುತ್ತೇನೆ.

ಮೆಕ್ಸಿಕೋದ ಆಳ್ವಿಕೆಯಲ್ಲಿದ್ದ ಟೆಕ್ಸಾಸ್ 1835ರಲ್ಲಿ ಬಂಡೆದ್ದಿತು. ಬಂಡಾಯ ಅಡಗಿಸಲು ಬಂದ ಮೆಕ್ಸಿಕೋದ ಸೇನಾಪತಿ ಸಾಂತಾ ಅನ್ನನ ಸೈನ್ಯ 1836ರ ಫೆಬ್ರವರಿ 23ರಂದು ಸ್ಯಾನ್ ಆಂಟೋನಿಯೋ ಪಟ್ಟಣಕ್ಕೆ ನುಗ್ಗಿತು. ಅಲ್ಲಿದ್ದ ಬಂಡಾಯಗಾರರು ಆಲಮೋ ಎಂಬ ಹಳೆಯ ಮಿಷನ್ ಆವರಣ ಸೇರಿಕೊಂಡರು. ಅವರ ನಾಯಕ ವಿಲಿಯಂ ಟ್ರಾವಿಸ್ ಇನ್ನೂ 26ರ ಯುವಕ. ಗೊಂಜಾಲೆಸ್ ಊರಿನ 32 ಮಂದಿ ಮುತ್ತಿಗೆಯ ನಡುವೆಯೇ ಒಳಗೆ ಬಂದು ಕೂಡಿಕೊಂಡರು. ಮಾರ್ಚ್ 6ರ ನಸುಕಿನಲ್ಲಿ ಲಗ್ಗೆ ಬಿತ್ತು. ಬೆಳಕು ಹರಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಚರ್ಚಿನೊಳಗೆ ಸುಸಾನಾ ಡಿಕಿನ್ಸನ್ ಎಂಬಾಕೆ ಹಸುಗೂಸು ಆಂಜೆಲಿನಾಳನ್ನು ಅವುಚಿಕೊಂಡು ಕುಳಿತಿದ್ದಳು. ಫಿರಂಗಿ ದಳದ ಅಧಿಕಾರಿಯಾಗಿದ್ದ ಗಂಡ ಸತ್ತ. ಸೋಲಿನ ಸುದ್ದಿ ಮುಟ್ಟಿಸಲೆಂದು ಸಾಂತಾ ಅನ್ನ ಆಕೆಯನ್ನು ಗೊಂಜಾಲೆಸ್‌ಗೆ ಕಳಿಸಿದ. ಓದುಬರಹ ಬಾರದ ಆಕೆ ಕಂಡದ್ದನ್ನೆಲ್ಲ ಬಾಯಿಮಾತಿನಲ್ಲೇ ದಾಟಿಸಿದಳು.

ಅದೇ ಚರ್ಚಿನಲ್ಲಿ ಆನಾ ಎಸ್ಪಾರ್ಸಾ ತನ್ನ ಮಕ್ಕಳೊಂದಿಗಿದ್ದಳು. ಅವಳ ಗಂಡ ಗ್ರೆಗೋರಿಯೋ ಸ್ಪ್ಯಾನಿಷ್ ಮಾತಾಡುವ ಸ್ಥಳೀಯ. ಬಂಡಾಯಗಾರರ ಪರವಾಗಿ ಕಾದಾಡಿ ಮಡಿದ. ಅವನ ಸೋದರ ಫ್ರಾನ್ಸಿಸ್ಕೋ ಎದುರು ಪಾಳೆಯದ ಸೈನಿಕ. ಮಡಿದ ಬಂಡಾಯಗಾರರ ಹೆಣಗಳನ್ನು ಒಟ್ಟಿ ಸುಡುತ್ತಿದ್ದಾಗ ಫ್ರಾನ್ಸಿಸ್ಕೋ ಅಪ್ಪಣೆ ಬೇಡಿ ಸೋದರನನ್ನು ಮಣ್ಣು ಮಾಡಿದ. ಅಂದು ಕಣ್ಣಾರೆ ಕಂಡದ್ದನ್ನು ಮಗ ಎನ್ರಿಕೆ ಮುಪ್ಪಿನಲ್ಲಿ ಪತ್ರಿಕೆಯವರಿಗೆ ಹೇಳಿದ.

ಇನ್ನು ಟ್ರಾವಿಸ್‌ನ ಗುಲಾಮ ಜೋ. ಲಗ್ಗೆಯ ಸದ್ದಿಗೆ ಎದ್ದು ಒಡೆಯನ ಹಿಂದೆಯೇ ಉತ್ತರದ ಗೋಡೆಗೆ ಓಡಿ ತಾನೂ ಗುಂಡು ಹಾರಿಸಿದವನು. ಟ್ರಾವಿಸ್ ಬಿದ್ದದ್ದನ್ನು ಕಂಡವನೂ ಅವನೇ. ಗಾಯಗೊಂಡಿದ್ದ ಜೋನನ್ನು ಒಬ್ಬ ಮೆಕ್ಸಿಕನ್ ಅಧಿಕಾರಿ ಉಳಿಸಿದ. ಎರಡು ವಾರ ಕಳೆಯುವುದರೊಳಗೆ ಅವನು ಟೆಕ್ಸಾಸಿನ ಹೊಸ ಸರ್ಕಾರದ ಮುಖಂಡರ ಮುಂದೆ ನಿಂತು ಇಡೀ ಕದನವನ್ನು ವಿವರಿಸಿದ. ಕೇಳಿದವರು ತಲೆದೂಗಿದರು, ಬರೆದುಕೊಂಡರು. ಆಮೇಲೆ ಅವನನ್ನು ಟ್ರಾವಿಸ್‌ನ ಆಸ್ತಿಯ ಬಾಬ್ತೆಂದು ವಾಪಸ್ ಒಪ್ಪಿಸಲಾಯಿತು.

ಅದೇ ಮಾರ್ಚಿನಲ್ಲಿ ಬರೆದ ಟೆಕ್ಸಾಸ್ ಸಂವಿಧಾನ ಗುಲಾಮಗಿರಿಯನ್ನು ಕಾಯ್ದುಕೊಂಡಿತ್ತು. ಗುಲಾಮರನ್ನು ಬಿಡುಗಡೆ ಮಾಡುವ ಅಧಿಕಾರ ಶಾಸನಸಭೆಗೂ ಇರಲಿಲ್ಲ. ಅತ್ತ ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ರದ್ದತಿ ಸಾರಿತ್ತು. ಸಾಂತಾ ಅನ್ನನನ್ನು ಸೋಲಿಸಿದ ಸ್ಯಾನ್ ಜಸಿಂಟೋ ಕದನಕ್ಕೆ ವರ್ಷ ತುಂಬಿದ ದಿನ, 1837ರ ಏಪ್ರಿಲ್ 21ರಂದು, ಜೋ ಒಬ್ಬ ಮೆಕ್ಸಿಕನ್ ಜೊತೆಗಾರನೊಂದಿಗೆ ಎರಡು ಕುದುರೆ ಹೊಡೆದುಕೊಂಡು ಪರಾರಿಯಾದ. ಹಿಡಿದುಕೊಟ್ಟವರಿಗೆ 50 ಡಾಲರ್ ಬಹುಮಾನವೆಂದು ಪತ್ರಿಕೆಯಲ್ಲಿ ಜಾಹೀರಾತು ಬಂತು. ಅದರಲ್ಲಿ ಅವನ ವಯಸ್ಸು, ಎತ್ತರ, ತೊಟ್ಟಿದ್ದ ಬಿಳಿ ಹತ್ತಿಯ ಷರಾಯಿಯ ವಿವರಗಳಿದ್ದವು. ಅವನು ಆಲಮೋದಲ್ಲಿ ಒಡೆಯನ ಜೊತೆಗಿದ್ದವನೆಂಬುದೂ ಗುರುತು ಹಿಡಿಯುವ ಚಹರೆಯಾಗಿ ಅಚ್ಚಾಗಿತ್ತು.

ಆಲಮೋದಲ್ಲಿ ಮಡಿದವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರು ಗೆಲ್ಲಬಯಸಿದ ಸ್ವಾತಂತ್ರ್ಯದಲ್ಲಿ ಜೋಗೆ ಪಾಲಿರಲಿಲ್ಲ. ಅವನು ತನ್ನದನ್ನು ತಾನೇ ಪಡೆದುಕೊಳ್ಳಬೇಕಾಯಿತು. ಈ ಯುದ್ಧದ ಪಾಠದಲ್ಲಿ ಮಾರ್ಚ್ 6ರಷ್ಟೇ ಮುಖ್ಯವಾದ ತಾರೀಕು ಜೋ ಓಡಿಹೋದ ಆ ಏಪ್ರಿಲ್ 21 ಎಂದು ನಾನು ನಂಬಿದ್ದೇನೆ.